ಕೊನೆಯ ನೋಟ ಕೆಂಪಿನ ಮೇಲೆ

ಚನ್ನಪಟ್ಟಣದಲ್ಲಿ ಹಗಲು ಹೊತ್ತು ಕರೆಂಟು ಹೋಯಿತೆಂದರೆ ನಮ್ಮ ಬೀದಿಯ ಲೇತುಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ. ಮರ ಕಡೆಯುವವನಿಗೆ ಆಗ ಕೆಲಸವಿರುವುದಿಲ್ಲ. ಕೆಲವರು ಮಲಗುತ್ತಾರೆ, ಕೆಲವರು ಟೀ ಅಂಗಡಿಗೆ ಹೋಗಿ ಕರೆಂಟಿನವರನ್ನು ಬೈಯುತ್ತಾರೆ. ನಾನು ಮೈಮೇಲಿನ ಮರದ ಪುಡಿ ಕೊಡವಿಕೊಂಡು, ಹಳೆಯ ಮೈಸೂರು ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿರುವ ಸ್ನೂಕರ್ ಹಾಲಿಗೆ ಹೋಗುತ್ತೇನೆ. ಅಲ್ಲಿ ಯುಪಿಎಸ್ ಇದೆ. ಇರುವುದು ಎರಡೇ ಮೇಜು. ಅದರಲ್ಲಿ ಒಂದರ ಬಟ್ಟೆ ಹರಿದು ತೇಪೆ ಹಾಕಿದೆ. ತೇಪೆಯಿಲ್ಲದ ಮೇಜಿಗಾಗಿ ನಾನು ಇವತ್ತಿನವರೆಗೆ ಯಾರ ಜೊತೆಗೂ ಜಗಳವಾಡಿಲ್ಲ, ಯಾಕೆಂದರೆ ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಾಲಿನ ಯಜಮಾನ ಹೊಂಗನೂರಿನವನು. ನನಗಿಂತ ಹತ್ತು ವರ್ಷ ದೊಡ್ಡವನು, ಅಣ್ಣ ಎಂದೇ ಕರೆಯುತ್ತೇನೆ. ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಬಹಳ ವರ್ಷ ಮಾರ್ಕರ್ ಆಗಿದ್ದನಂತೆ. ಅಂದರೆ ದೊಡ್ಡ ಮನುಷ್ಯರು ಆಡುವಾಗ ಪಕ್ಕದಲ್ಲಿ ನಿಂತು ಅಂಕ ಬರೆಯುವುದು, ಪಾಕೆಟ್ಟಿಗೆ ಬಿದ್ದ ಚೆಂಡು ಎತ್ತಿ ಇಡುವುದು. ಅಷ್ಟು ವರ್ಷ ಬೇರೆಯವರ ಆಟ ನೋಡಿ ನೋಡಿ ಅವನಿಗೊಂದು ಅಭ್ಯಾಸವಾಗಿದೆ. ಆಡುವವನ ಕೈಯನ್ನು ನೋಡುವುದೇ ಇಲ್ಲ, ಕಣ್ಣನ್ನು ನೋಡುತ್ತಾನೆ.

ನಾನು ಮೊದಲ ಸಲ ಕ್ಯೂ ಎಂಬ ಆ ಉದ್ದ ಕೋಲು ಹಿಡಿದು, ಬಿಳಿ ಚೆಂಡಿನಿಂದ ಕೆಂಪು ಚೆಂಡನ್ನು ಮೂಲೆಯ ಪಾಕೆಟ್ಟಿಗೆ ಕಳಿಸಲು ಹೋಗಿ, ಅದು ಇನ್ನೆಲ್ಲಿಗೋ ಹೋದಾಗ ಅವನು ಕೇಳಿದ್ದು ಒಂದೇ ಮಾತು.

"ಏಟು ಬೀಳೋ ಟೈಮಲ್ಲಿ ಕಣ್ಣೆಲ್ಲಿತ್ಲಾ?"

"ಬಿಳಿ ಮ್ಯಾಲೆ ಇತ್ತಣ್ಣ."

"ಅದಕ್ಕೇ ಹೋಯ್ತು. ಬಗ್ಗಿದ ಮ್ಯಾಲೆ ಬಿಳೀನೂ ನೋಡು, ಕೆಂಪೂ ನೋಡು. ಕಣ್ಣು ಎರಡು ಮೂರು ಸಲ ಹೋಗಿ ಬರ್ಲಿ. ಆಮೇಲೆ ಕ್ಯೂನ ಹಿಂದಕ್ಕೆ ಎಳ್ಕೊಂಡು ಒಸಿ ನಿಲ್ಸು. ಆಗ ಕಣ್ಣು ಕೆಂಪಿಗೆ ಹೋಗ್ಬೇಕು, ಹೋದ್ದು ವಾಪಸ್ ಬರಂಗಿಲ್ಲ. ಹೊಡೆದ ಮ್ಯಾಲೂ ತಲೆ ಎತ್ತಂಗಿಲ್ಲ. ಬಿಳಿ ಎಲ್ಲೂ ಓಡೋಗಲ್ಲ ಕಣ್ಲಾ, ನಿನ್ ಮೂಗಿನ ಕೆಳಗೇ ಐತೆ."

ಕೇಳಲು ಸುಲಭ. ಮಾಡಲು ನನಗೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಕ್ಯೂನ ತುದಿ ಬಿಳಿಗೆ ಸರಿಯಾಗಿ ತಾಗುವುದೋ ಇಲ್ಲವೋ ಎಂಬ ಭಯಕ್ಕೆ, ಕೊನೆಯ ಗಳಿಗೆಯಲ್ಲಿ ಕಣ್ಣು ಹತ್ತಿರದ್ದನ್ನೇ ಹುಡುಕಿಕೊಂಡು ಬರುತ್ತಿತ್ತು. ತಮಾಷೆಯೆಂದರೆ ಇದೇ ಪಾಠವನ್ನು ನಮ್ಮಪ್ಪ ಲೇತಿನ ಮುಂದೆ ಕೂರಿಸಿ ಎಂದೋ ಕಲಿಸಿದ್ದ. ಮರ ತಿರುಗುವಾಗ ಉಳಿಯ ಬಾಯಿ ನೋಡಬಾರದು, ಮರದ ಮೇಲಂಚು ನೋಡಬೇಕು, ಆಕಾರ ಮೂಡುವುದು ಅಲ್ಲಿ ಎಂದು. ಅಲ್ಲಿ ಗೊತ್ತಿದ್ದದ್ದು ಇಲ್ಲಿ ಬರಲಿಲ್ಲ. ಲೇತಿನ ಮುಂದೆ ನನಗೆ ಭಯವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯಕ್ಕೂ ಅಣ್ಣ ಸಿಡುಕುತ್ತಿದ್ದ. ಮರ ಕಡೆಯುವವರಿಗೆ ಕಣ್ಣಿಗಿಂತ ಹೆಬ್ಬೆರಳ ಮೇಲೆ ನಂಬಿಕೆ. ಗಿಲಕಿಯಾಗಲಿ ಬುಗುರಿಯಾಗಲಿ, ಲೇತು ನಿಲ್ಲಿಸಿ ಹೆಬ್ಬೆರಳು ಸವರಿದರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತಿಳಿದುಬಿಡುತ್ತದೆ. ಆ ಅಭ್ಯಾಸದಲ್ಲಿ ನಾನು ಎರಡು ಚೆಂಡಿನ ನಡುವೆ ಸಂದಿ ಎಷ್ಟಿದೆ ಎಂದು ನೋಡಲು ಹೆಬ್ಬೆರಳು ಚಾಚುತ್ತಿದ್ದೆ. ಸ್ನೂಕರಿನಲ್ಲಿ ಕೈ ತಾಗಿದರೆ ಫೌಲು. ಅಣ್ಣ ಹಾಲಿನ ಆ ತುದಿಯಿಂದಲೇ ಕೂಗುತ್ತಿದ್ದ: "ಮುಟ್ಟಂಗಿಲ್ಲ! ನೋಡಿ ತಿಳ್ಕೊ!" ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ನಾನು ಹುರಿಗಡಲೆ ಡಬ್ಬಕ್ಕೆ ಕೈ ಹಾಕಿದಾಗಲೆಲ್ಲ "ಮುಟ್ಟಂಗಿಲ್ಲ, ನೋಡಿ ತಿಳ್ಕೊಳ್ಳಿ" ಎಂದು ಅಣಕಿಸುವುದು ಅವಳಿಗೆ ರೂಢಿಯಾಯಿತು.

ಅಂತೂ ಆಟ ಒಂದು ಹದಕ್ಕೆ ಬಂತು. ಕೆಂಪನ್ನು ನಂಬುವುದು ಕಲಿತೆ. ಆಮೇಲೆ, ಹೋದ ಯುಗಾದಿ ಕಳೆದ ಮೇಲೆ, ಹೊಡೆದದ್ದೆಲ್ಲ ತಪ್ಪತೊಡಗಿತು. ಸುಮ್ಮನೆ ತಪ್ಪುವುದಲ್ಲ, ಎಲ್ಲವೂ ಒಂದೇ ಕಡೆಗೆ, ಬಲಕ್ಕೆ. ನಾನು ಬಗ್ಗಿ ಕ್ಯೂ ಉದ್ದಕ್ಕೂ ನೋಡಿದೆ. ಅದು ನಡುವೆ ಸೊಟ್ಟಗಿತ್ತು. ನನಗೆ ಸಮಾಧಾನವಾಯಿತು. ತಪ್ಪು ನನ್ನದಲ್ಲ, ಕ್ಯೂದು ಎಂದು ಇನ್ನೊಂದು ತೆಗೆದುಕೊಂಡೆ. ಅದೂ ಸೊಟ್ಟ. ಗೋಡೆಗೆ ಒರಗಿಸಿದ್ದ ಏಳೂ ಕ್ಯೂಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಏಳಕ್ಕೆ ಏಳೂ ಸೊಟ್ಟಗಿದ್ದವು.

ಬುದ್ಧಿ ನೆಟ್ಟಗಿರುವವನು ಇಲ್ಲಿಗೆ ಅರ್ಥ ಮಾಡಿಕೊಳ್ಳುತ್ತಿದ್ದ. ನಾನು ಮರದ ಕೆಲಸದವನು. ಮರ ಎಂದಮೇಲೆ ಬಾಗುತ್ತದೆ, ಬೇಸಿಗೆಗೆ ಬಾಗಿದೆ, ಅಣ್ಣ ಬೆಂಗಳೂರಿನಿಂದ ಅಗ್ಗದ ಮಾಲು ತಂದಿದ್ದಾನೆ ಎಂದುಕೊಂಡೆ. ಮನೆಗೆ ಹೋಗಿ ನಾನೇ ಒಂದು ಕ್ಯೂ ಕಡೆದೆ. ನಮ್ಮಲ್ಲಿರುವುದು ಆಟಿಕೆ ಮಾಡುವ ಆಲೆ ಮರ. ಬಿಳುಪು, ಮೆದು, ಕ್ಯೂಗೆ ಲಾಯಕ್ಕಲ್ಲ ಎಂದು ಗೊತ್ತಿತ್ತು. ಲೇತಿನ ಉದ್ದ ಸಾಲದೆ ಎರಡು ತುಂಡಾಗಿ ಕಡೆದು ನಡುವೆ ಹಿತ್ತಾಳೆ ತಿರುಪು ಹಾಕಿದೆ. ಹಿಡಿಯ ಹತ್ತಿರ ಅಭ್ಯಾಸಬಲದಿಂದ ಕೆಂಪು, ಹಳದಿ ಅರಗಿನ ಉಂಗುರ ಹಾಕಿ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ಮೂರು ಮಧ್ಯಾಹ್ನ ಹಿಡಿಯಿತು. ಹೆಬ್ಬೆರಳಲ್ಲಿ ತುದಿಯಿಂದ ಬುಡದವರೆಗೆ ಸವರಿ ನೋಡಿದೆ. ಒಂದು ಕೂದಲಿನಷ್ಟೂ ಓರೆಯಿರಲಿಲ್ಲ.

ಅದನ್ನು ಹೊತ್ತು ಹೋದಾಗ ಅಣ್ಣ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದ.

"ಇದೇನ್ಲಾ, ಸ್ನೂಕರ್ ಆಡಕ್ಕೋ, ಮಗೀನ ತೊಟ್ಟಿಲಿಗೆ ಕಟ್ಟಕ್ಕೋ?"

"ನಿನ್ ಕ್ಯೂ ಎಲ್ಲಾ ಸೊಟ್ಟ ಐತಣ್ಣ. ಅದಕ್ಕೇ ನಾನೇ ಮಾಡ್ಕಂಬಂದೆ."

ಅವನು ನಗುತ್ತಾ ಅದನ್ನು ಮೇಜಿನ ಮೇಲೆ ಉರುಳಿಸಿದ. ಸೊಟ್ಟಗಿರುವ ಕ್ಯೂ ಉರುಳುವಾಗ ಕುಣಿಯುತ್ತದೆ. ನನ್ನದು ನೆಟ್ಟಗೆ ಉರುಳಿ ಆಚೆ ಅಂಚಿನ ಕುಶನ್ನಿಗೆ ತಾಗಿ ನಿಂತಿತು. ಆಮೇಲೆ ಅಣ್ಣ ಗೋಡೆಯ ಏಳೂ ಕ್ಯೂಗಳನ್ನು ತಂದು ಒಂದೊಂದಾಗಿ ಉರುಳಿಸಿದ. ಒಂದೂ ಕುಣಿಯಲಿಲ್ಲ. ನಾನು ನನ್ನ ಕ್ಯೂ ಎತ್ತಿಕೊಂಡು ಬಗ್ಗಿದೆ. ಮೂರು ಮಧ್ಯಾಹ್ನ ಕೂತು ಕಡೆದ, ಹೆಬ್ಬೆರಳು ಒಪ್ಪಿದ ಕ್ಯೂ, ನನ್ನ ಗಲ್ಲದ ಕೆಳಗೆ ನಡುವೆ ಸೊಟ್ಟಗಿತ್ತು.

ಅಣ್ಣ ಮೇಜಿನ ಆ ತುದಿಗೆ ಹೋಗಿ ಪಾಕೆಟ್ಟಿನ ಹಿಂದೆ ನಿಂತ. ನಗು ನಿಂತಿತ್ತು.

"ಎಡಗಣ್ಣು ಮುಚ್ಚು. ಬಲಗಣ್ಣಲ್ಲಿ ಕೆಂಪು ನೋಡು."

ಮುಚ್ಚಿದೆ. ಮೇಜಿತ್ತು, ಹಸಿರು ಬಟ್ಟೆಯಿತ್ತು, ಅದರಾಚೆ ಅಣ್ಣನ ಲುಂಗಿಯ ಅಂಚಿತ್ತು. ಕೆಂಪು ಇರಲಿಲ್ಲ. ಅದಿರಬೇಕಾದ ಕಡೆ ಮಸುಕು ಮಸುಕಾಗಿ ಏನೋ ಒಂದು ಕದಡಿದಂತಿತ್ತು. ಗಾಬರಿಯಿಂದ ನೋಟ ಪಕ್ಕಕ್ಕೆ ಸರಿಸಿದೆ. ಕೆಂಪು ಅಂಚಿನಲ್ಲಿ ಬಂತು. ನೇರ ನೋಡಿದೆ, ಹೋಯಿತು. ಪಕ್ಕಕ್ಕೆ ನೋಡಿದೆ, ಬಂತು. ನೋಡದಿದ್ದರೆ ಇದೆ, ನೋಡಿದರೆ ಇಲ್ಲ.

"ಕಾಣ್ತಾ ಐತೇನ್ಲಾ?"

"ಕಾಣ್ತಾ ಐತಣ್ಣ" ಎಂದೆ.

ಆ ಸುಳ್ಳು ಯಾಕೆ ಹೇಳಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಇಲ್ಲ ಎಂದು ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ, ಬೇರೇನಲ್ಲ. ಕ್ಯೂ ಅಲ್ಲೇ ಬಿಟ್ಟು, ಕರೆಂಟು ಬಂದಿರಬೇಕು ಎಂದು ಹೇಳಿ ಇಳಿದುಬಂದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಿದ್ದೆ.

ಅದಾದ ಮೇಲೆ ಎರಡು ತಿಂಗಳಿಗೂ ಮೇಲೆ ಹಾಲಿನ ಕಡೆ ತಲೆ ಹಾಕಲಿಲ್ಲ, ಆಸ್ಪತ್ರೆಯ ಕಡೆಗೂ ಹಾಕಲಿಲ್ಲ. ಲೇತಿನ ಮುಂದೆ ಮಾಮೂಲಾಗಿ ಕೂತೆ. ಕೆಲಸ ಕೆಡಲಿಲ್ಲ ಎನ್ನುವುದೇ ನನ್ನನ್ನು ಹಾಳು ಮಾಡಿತು. ಎಡಗಣ್ಣು ಅಷ್ಟಿಷ್ಟು ನೋಡಿಕೊಳ್ಳುತ್ತಿತ್ತು, ಉಳಿದದ್ದನ್ನು ಹೆಬ್ಬೆರಳು ನೋಡಿಕೊಳ್ಳುತ್ತಿತ್ತು. ಗಿಲಕಿ ದುಂಡಗೆ ಬರುತ್ತಿತ್ತು, ವ್ಯಾಪಾರಿ ತಕರಾರಿಲ್ಲದೆ ಒಯ್ಯುತ್ತಿದ್ದ. ಕಣ್ಣು ಯಾವಾಗಿನಿಂದ ಹೋಗುತ್ತಿತ್ತೋ, ಕೈ ಅದನ್ನು ನನ್ನಿಂದ ಮುಚ್ಚಿಟ್ಟಿತ್ತು. ಕೈ ತಾಗಿಸಬಾರದೆಂಬ ಆಟವೊಂದು ಇಲ್ಲದಿದ್ದರೆ ಇನ್ನೂ ಎಷ್ಟು ದಿನ ಮುಚ್ಚಿಡುತ್ತಿತ್ತೋ.

ಉಳಿ ಹಿಡಿಯುವಾಗ ಮಾತ್ರ ಹೊಸದೊಂದು ಭಯ ಸೇರಿಕೊಂಡಿತು. ಎಡಗಣ್ಣಿಗೆ ಒಂದು ಚೂರು ಸಿಡಿದರೆ? ಮರ ಸಿಡಿದ ಸದ್ದಾದರೆ ಸಾಕು, ಮುಖ ತಿರುಗಿಸಿಬಿಡುತ್ತಿದ್ದೆ. ಎದುರಿಗೆ ಕೂತು ಮಣಿ ಪೋಣಿಸುವ ಹೆಂಡತಿ "ಯಾಕ್ರೀ, ಹಾವು ಕಂಡಂಗೆ ಆಡ್ತೀರಿ?" ಎನ್ನುತ್ತಿದ್ದಳು. ಧೂಳು ಎನ್ನುತ್ತಿದ್ದೆ.

ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್ ಎದುರು ನಿಂತು ಎಡಗಣ್ಣು ಮುಚ್ಚುವುದು. ಒಂದೊಂದು ಚೌಕದ ಅಂಕಿ ಓದುವುದು. ಹದಿನಾಲ್ಕು, ಹದಿನೈದು, ಹದಿನಾರು. ಮೊದಲ ದಿನ ಏನೂ ಓದಲಾಗಲಿಲ್ಲ. ಒಂದು ವಾರವಾದ ಮೇಲೆ ಅಲ್ಪಸ್ವಲ್ಪ ಓದಿದೆ. ಹದಿನೈದು ದಿನಕ್ಕೆ ಎಲ್ಲವನ್ನೂ ಓದುತ್ತಿದ್ದೆ. ವಾಸಿಯಾಗುತ್ತಿದೆ ಎಂದು ಎಷ್ಟು ಖುಷಿಯಾಯಿತೆಂದರೆ ಶನಿವಾರ ಕೆಂಗಲ್ ಆಂಜನೇಯನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಹದಿನಾಲ್ಕರ ಪಕ್ಕದಲ್ಲಿ ಹದಿನೈದೇ ಇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯದಂತೆ ನಾನೇ ನೋಡಿಕೊಂಡೆ.

ಒಂದು ಬೆಳಿಗ್ಗೆ ಹಾಗೆ ನಿಂತಿದ್ದಾಗ ಹೆಂಡತಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಏನ್ ಮಾಡ್ತಿದ್ದೀರಿ?"

"ಇವತ್ತು ದಿನ ಯಾವ್ದು ಅಂತ ನೋಡ್ತಿದ್ದೆ."

"ಒಂದೇ ಕಣ್ಣಲ್ಲಾ?"

ಅವಳು ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಳು. "ಎಡಗಣ್ಣು ಹಂಗೇ ಮುಚ್ಕೊಂಡಿರಿ. ನನ್ ಕೈಲಿ ಎಷ್ಟು ಬೆರಳು ಐತೆ ಹೇಳಿ."

ಅವಳ ಸೀರೆ ಕಂಡಿತು. ಬಾಗಿಲ ಚೌಕಟ್ಟು ಕಂಡಿತು. ನಡುವೆ ಅದೇ ಕದಡಿದ ಮಸುಕು. ಸಾಮಾನ್ಯವಾಗಿ ಜನ ಎತ್ತುವುದು ಎರಡೋ ಮೂರೋ ಎಂದು ಲೆಕ್ಕ ಹಾಕಿದೆ.

"ಮೂರು" ಎಂದೆ.

ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಕೈ ಎತ್ತೇ ಇಲ್ಲ ಕಣ್ರೀ ನಾನು" ಎಂದಳು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಲೆ ಆರಿಸಿದಳು, ಸೀರೆ ಬದಲಿಸಿದಳು, ಒಂಬತ್ತರ ಬಸ್ಸಿಗೆ ನನ್ನನ್ನು ಹತ್ತಿಸಿಕೊಂಡು ರಾಮನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಅವಳು ನನ್ನ ಬಲಕ್ಕೆ ಕೂತಿದ್ದಳು. ತಿರುಗಿ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಕೊನೆಗೆ ಗೀಟು ಗೀಟು ಹಾಕಿ ಚೌಕ ಮಾಡಿದ್ದ ಒಂದು ಹಾಳೆ ಕೈಗೆ ಕೊಟ್ಟು, ಎಡಗಣ್ಣು ಮುಚ್ಚಿಸಿ, ನಡುವೆ ಇರುವ ಚುಕ್ಕೆಯನ್ನೇ ನೋಡಿ ಎಂದರು.

"ಯಾವ ಚುಕ್ಕೆ ಮೇಡಂ?" ಎಂದೆ.

ಅವರು ಹಾಳೆ ತೆಗೆದುಕೊಂಡರು. "ಹೀಗಾಗಿ ಎಷ್ಟು ದಿನ ಆಯ್ತು?"

"ಒಂದು ವಾರ."

"ಸುಳ್ಳು ಮೇಡಂ" ಎಂದಳು ಹೆಂಡತಿ. "ಎರಡು ತಿಂಗಳ ಮೇಲಾಗೈತೆ. ಬೆಳಿಗ್ಗೆ ಬಸ್‌ಸ್ಟಾಪಲ್ಲಿ ಬಾಯಿ ಬುಟ್ರು."

ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ರಕ್ತ ಸೋರಿ, ಒಣಗಿ, ಗಾಯದ ಕಲೆಯಾಗಿದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಸುತ್ತ ಕಾಣುತ್ತದೆ, ನಡುವಿನದು ಇನ್ನು ಬರುವುದಿಲ್ಲ. ಶುರುವಿನಲ್ಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಏನಾದರೂ ಉಳಿಸಬಹುದಿತ್ತು. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ, ಆದರೆ ಅದಕ್ಕೂ ಹೀಗಾಗುವುದಿಲ್ಲ ಎಂದು ಹೇಳಲು ಬರುವುದಿಲ್ಲ. ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ ಎಡಗಣ್ಣನ್ನು ಪರೀಕ್ಷೆ ಮಾಡಿಕೊಳ್ಳಬೇಕು. ಏನಾದರೂ ಸೊಟ್ಟ ಕಂಡರೆ, ಮಾಯವಾದರೆ, ಅವತ್ತೇ ಬರಬೇಕು.

"ಅವತ್ತೇ" ಎಂದು ಅವರು ಇನ್ನೊಂದು ಸಲ ಹೇಳಿದ್ದು ನನಗಲ್ಲ, ಅವಳಿಗೆ.

ಸುಳ್ಳು ಹೇಳಿ ನನ್ನ ಒಂದು ಕಣ್ಣನ್ನು ನಾನೇ ಕಳೆದುಕೊಂಡೆ. ಇದಕ್ಕೆ ಸುತ್ತಿಬಳಸಿ ಹೇಳುವಂಥದ್ದೇನೂ ಇಲ್ಲ.

ಸ್ನೂಕರ್ ಹಾಲಿಗೆ ಮತ್ತೆ ಹೋದದ್ದೂ ಅವಳ ಒತ್ತಾಯಕ್ಕೇ. ಅಣ್ಣನಿಗೆ ಎಲ್ಲ ಹೇಳಿದೆ. ಅವನು ನನ್ನ ಅರಗಿನ ಉಂಗುರದ ಕ್ಯೂ ತೆಗೆದುಕೊಟ್ಟ. ಅಲ್ಲಿಯವರೆಗೂ ಅದನ್ನು ಬೇರೆಯವರು ಮುಟ್ಟದ ಹಾಗೆ ಬೀರುವಿನಲ್ಲಿ ಇಟ್ಟಿದ್ದನಂತೆ. ನಾನು ಬಗ್ಗಿದಾಗ ಕ್ಯೂವನ್ನು ಬಲಗಣ್ಣಿನ ಕೆಳಗಿನಿಂದ ಎಡಗಣ್ಣಿನ ಕೆಳಕ್ಕೆ, ಒಂದು ಬೆರಳಿನಷ್ಟು ಸರಿಸಿದ. ಒಂದು ಬೆರಳಷ್ಟೇ. ಮೈಯೆಲ್ಲ ಬೇರೆ ಯಾರದೋ ಆದಂತಾಯಿತು.

"ಕೊನೇ ನೋಟ?" ಎಂದು ಕೇಳಿದ.

"ಕೆಂಪಿನ ಮ್ಯಾಲೆ."

"ಕಾಣ್ತಾ ಐತಾ? ದಿಟ ಹೇಳು."

"ಈ ಕಣ್ಣಲ್ಲಿ ಕಾಣ್ತಾ ಐತಣ್ಣ." ಕ್ಯೂ ನೆಟ್ಟಗಿತ್ತು. ಅವತ್ತು ಒಂದೂ ಬೀಳಲಿಲ್ಲ, ಆದರೆ ಒಂದೇ ಕಡೆಗೆ ತಪ್ಪಲಿಲ್ಲ.

ಈಗ ಎಡಗಣ್ಣಿನ ವಿಷಯ. ಪರೀಕ್ಷೆಗೆ ಕ್ಯಾಲೆಂಡರ್ ಬೇಡವೆಂದು ಹೆಂಡತಿ ಅದನ್ನು ಕಿತ್ತು ಹಾಕಿದಳು. ಡಾಕ್ಟರು ಕೊಟ್ಟ ಹಾಳೆಯೂ ನಾಲ್ಕು ದಿನಕ್ಕೆ ನನಗೆ ಬಾಯಿಪಾಠವಾಗುತ್ತದೆ ಎಂದು ಅವಳಿಗೆ ಅನುಮಾನ. ನಿನ್ನ ಮುಖ ನೋಡಿ ಹೇಳುತ್ತೇನೆ ಎಂದೆ. "ಅದು ಬಾಯಿಪಾಠ ಅಲ್ವಾ?" ಎಂದಳು. ಕೊನೆಗೆ ಅವಳೇ ದಾರಿ ಹುಡುಕಿದಳು. ಸಾಸಿವೆ ಕಾಳಿನಷ್ಟು ಸಣ್ಣ ಬೊಟ್ಟಿನ ಸ್ಟಿಕ್ಕರ್‌ಗಳನ್ನು ತಂದಳು: ಕೆಂಪು, ಹಸಿರು, ಕಪ್ಪು, ನೀಲಿ. ದಿನಾ ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ತನಗೆ ತೋಚಿದ್ದನ್ನು ಹಣೆಗೆ ಅಂಟಿಸಿಕೊಂಡು ಬಾಗಿಲ ಬೆಳಕಿಗೆ ಬಂದು ನಿಲ್ಲುತ್ತಾಳೆ. ನಾನು ಬಲಗಣ್ಣು ಮುಚ್ಚಿ, ಇತ್ತ ನಿಂತು ಬಣ್ಣ ಹೇಳಬೇಕು. ಡಾಕ್ಟರ ಹಾಳೆ ಆಮೇಲೆ. ಸರಿ ಹೇಳಿದರೆ ಕಾಫಿ ಬರುತ್ತದೆ.

ಕೆಲವು ದಿನವಾದ ಮೇಲೆ ನಾನೇ ಒಂದು ಮಾತು ಹೇಳಿದೆ. ನಾಲ್ಕರಲ್ಲಿ ಒಂದು ಎಂದಾದರೆ ನಾನು ಊಹಿಸಿಬಿಡಬಹುದು, ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ಒಂದೊಂದು ದಿನ ಬೊಟ್ಟೇ ಇಡಬೇಡ ಎಂದೆ. ಅವಳು ಉರಿದುಬಿದ್ದಳು.

"ಬಾಯಿಗೆ ಬಂದಂಗೆ ಆಡ್ಬೇಡಿ. ನೀವು ಎದುರಿಗೆ ಗುಂಡುಕಲ್ಲಂಗೆ ನಿಂತಿರೋವಾಗ ಬರೀ ಹಣೇಲಿ ಬಂದು ನಿಲ್ತೀನಾ ನಾನು? ಅದೊಂದು ಮಾತ್ರ ನನ್ ಕೈಲಾಗಲ್ಲ."

ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಅವಳು ಬೊಟ್ಟಿಲ್ಲದೆ ನಿಲ್ಲುವುದಿಲ್ಲ ಎಂಬುದೊಂದು ನನಗೆ ಖಾತ್ರಿಯಿತ್ತು.

ಮೊನ್ನೆ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಶಿವನ ಪೂಜೆ, ಅವಳು ತಲೆಗೆ ನೀರು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಬಲಗಣ್ಣು ಮುಚ್ಚಿದೆ.

ಹಣೆಯ ಮೇಲೆ ಏನೂ ಇರಲಿಲ್ಲ.

ಹೋಯಿತು ಎಂದುಕೊಂಡೆ. ಇದೂ ಹೋಯಿತು. ಗೋಡೆಗೆ ಒರಗಿದೆ. ಅವತ್ತು ಮೇಜಿನ ಹತ್ತಿರ ಮಾಡಿದ ಹಾಗೆ ನೋಟವನ್ನು ಪಕ್ಕಕ್ಕೆ, ಅವಳ ಓಲೆಯ ಕಡೆಗೆ ಸರಿಸಿದೆ. ಹಾಗೆ ಮಾಡಿದರೆ ಅಂಚಿನಲ್ಲಾದರೂ ಬೊಟ್ಟು ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಅಂಚೂ ಹೋಯಿತೇ? ಇನ್ನು ಲೇತು ಯಾರು ನಡೆಸುತ್ತಾರೆ, ಇವಳ ಮುಖ ಇನ್ನೆಷ್ಟು ದಿನ ಕಾಣುತ್ತದೆ ಎಂದು ಏನೇನೋ ನುಗ್ಗಿ ಬಂತು. ಹಸಿರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ದಿನ ಕಪ್ಪು, ಅದರ ಹಿಂದಿನ ದಿನ ಕೆಂಪು, ಇವತ್ತು ಹಸಿರಿರಬಹುದು. ಒಂದು ಮಾತು ಹೇಳಿಬಿಟ್ಟರೆ ಒಂದು ದಿನದ ಮಟ್ಟಿಗೆ ಬದುಕಿಕೊಳ್ಳಬಹುದು. ನನಗೇ ತಿಳಿಯದೆ ಎರಡು ಹೆಜ್ಜೆ ಮುಂದೆ ಹೋಗಿ ಅವಳ ಹಣೆಗೆ ಹೆಬ್ಬೆರಳು ಚಾಚಿದ್ದೆ.

ಅವಳು ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಮುಟ್ಟಂಗಿಲ್ಲ. ನೋಡಿ ಹೇಳಿ."

ಮತ್ತೆ ನೋಡಿದೆ. ಈ ಸಲ ನೋಟವನ್ನು ಎಲ್ಲಿಗೂ ಓಡಲು ಬಿಡಲಿಲ್ಲ. ಹುಬ್ಬಿನ ನಡುವಿನ ಗೆರೆ ಕಂಡಿತು. ಒದ್ದೆ ಕೂದಲಿಂದ ಜಾರಿದ ಒಂದು ಹನಿ ಕಂಡಿತು. ಬೊಟ್ಟು ಇಟ್ಟು ಇಟ್ಟು ಬೆಳ್ಳಗಾದ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಲೆ ಕಂಡಿತು. ಇಷ್ಟು ವರ್ಷದಲ್ಲಿ ಆ ಕಲೆಯನ್ನು ನಾನು ನೋಡಿರಲಿಲ್ಲ.

"ಏನೂ ಇಲ್ಲ" ಎಂದೆ. "ಏನೂ ಇಟ್ಟಿಲ್ಲ ನೀನು."

ಅವಳು ನನ್ನ ಮಣಿಕಟ್ಟು ಬಿಟ್ಟಳು. ಇನ್ನೊಂದು ಕೈಯ ಮುಷ್ಟಿ ಬಿಚ್ಚಿದಳು. ಬೆರಳ ತುದಿಯಲ್ಲಿ ಕೆಂಪು ಸ್ಟಿಕ್ಕರ್ ಅಂಟಿತ್ತು.

"ಈಗ ಮುಟ್ಬೋದು" ಎಂದಳು. "ಬೇಗ ಇಡಿ."